ಯಾರು ಮಲಗೂಕೆ?

ಕಾಸರಕೋಡದಲ್ಲಿ ಬಸ್ಸಿಳಿದು ಗಣಪಿಯಕ್ಕನ ಚಾಪೆ ಅಂಗಡಿಗೆ ಹೋದೆ. ಹಿಂದೊಮ್ಮೆ ಕೇದಿಗೆ ಓಲೆಯ ಚಾಪೆ ಕೇಳಿದಾಗ, "ಯಾರು ಮಲಗೂಕೆ?" ಎಂದಿದ್ದರು. "ಅಮ್ಮ. ಇಷ್ಟೆತ್ತರ" ಎಂದು ನನ್ನ ಭುಜ ಮುಟ್ಟಿ ತೋರಿಸಿದ್ದೆ. ಸರಿಯಾಗಿ ಅಷ್ಟುದ್ದವೇ ಹೆಣೆದು ಕೊಟ್ಟಿದ್ದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅಕ್ಕಾ, ಎಲ್ಲ ಒಂದೇ ಅಳತೆಯಲ್ಲಿ ಮಾಡಿ, ಆನ್‌ಲೈನಿನಲ್ಲಿ ಹೋಗ್ತದೆ" ಎಂದು ಬುದ್ಧಿ ಹೇಳಿ ಬಂದಿದ್ದೆ.

ಈಗ ಅಂಗಡಿ ತುಂಬ ಊಟದ ಮೇಜಿಗೆ ಹಾಸುವ ಪುಟ್ಟ ಚಾಪೆಗಳು. ಹೆಣೆಯಲು ನಾಲ್ವರು ಹೆಂಗಸರು. "ನೀವು ಹೇಳಿದ್ದು ಒಳ್ಳೇದೇ ಆತು" ಎಂದು ಗಣಪಿಯಕ್ಕ ಚಹಾ ಕೊಟ್ಟರು.

"ಅಮ್ಮನ ಚಾಪೆ ಹರಿದಿದೆ ಅಕ್ಕಾ, ಇನ್ನೊಂದು ಬೇಕಿತ್ತು."

ಎತ್ತರ ತೋರಿಸಲು ನನ್ನ ಕೈ ಆಗಲೇ ಭುಜಕ್ಕೆ ಹೋಗಿತ್ತು. ಗಣಪಿಯಕ್ಕ ತಲೆ ಎತ್ತದೆ ಪೆನ್ನು ತೆಗೆದರು.

"ಎಂತ ಸೈಜು?"