ಒಂದೇ ಚಂದಾ, ನಾಲ್ಕು ಮನೆ

ಅಳವಂಡಿಯ ಕಿರಾಣಿ ಅಂಗಡಿಯ ಕಳಕಪ್ಪನವರು ಸಿನಿಮಾ ಆ್ಯಪ್‌ಗೆ ಕಟ್ಟಿರುವುದು ಒಮ್ಮೆಗೆ ಒಂದೇ ಟೀವಿ ನಡೆಯುವ ಅಗ್ಗದ ಚಂದಾ. ನೋಡುವವರು ಬಳಗದ ನಾಲ್ಕು ಮನೆಯವರು. ಸಂಜೆಯಾದರೆ ಸಾಕು, ಬೆಲ್ಲ ತೂಗುತ್ತಲೇ ಕುಷ್ಟಗಿಯ ತಮ್ಮನಿಗೆ ಫೋನ್ ಹಚ್ಚುತ್ತಾರೆ: "ನಿನ್ನ ಪಾಳಿ ಮುಗೀತು, ಬಂದ್ ಮಾಡೋ!" ಯಲಬುರ್ಗಾದ ತಂಗಿಗೆ: "ರೊಟ್ಟಿ ಬಡಿಯೂಮುಂದ ಯಾಕ ಹಚ್ಚೀಯವಾ? ಆರಿಸು!" ತಮ್ಮ ಪಾಳಿಯಲ್ಲೇ 'ಬೇರೆಯವರು ನೋಡುತ್ತಿದ್ದಾರೆ' ಎಂದು ಪರದೆ ತಡೆದರಂತೂ ಇಬ್ಬರನ್ನೂ ಜಾಲಾಡಿಸುತ್ತಾರೆ. ಇಬ್ಬರೂ ಅಲ್ಲವೆಂದರೆ ಉಳಿಯುವುದು ಗಂಗಾವತಿಯ ಮಗಳು ಶಿವಲೀಲಾ. ಅಪ್ಪನೊಡನೆ ಜಗಳಾಡಿ ಹೋದವಳು ವರ್ಷದಿಂದ ಫೋನೇ ಎತ್ತಿಲ್ಲ. "ಪಾಸ್‌ವರ್ಡ್ ಬದಲ್ ಮಾಡಿಬಿಡ್ರಿ ಅಣ್ಣಾರ," ಎನ್ನುತ್ತಾನೆ ತಮ್ಮ. "ಬ್ಯಾಡ, ಅಕಿ ನೋಡ್ಲಿ," ಎಂದು ಕಳಕಪ್ಪನವರು ಮೆಲ್ಲಗೆ ತಮ್ಮ ಟೀವಿ ಆರಿಸುತ್ತಾರೆ. ಅಂದು ಅವರಿಗೆ ಒಂದು ರೊಟ್ಟಿ ಹೆಚ್ಚೇ ಸೇರುತ್ತದೆ.