ರಸ್ತೆ ಬದಿಯ ಪುಂಡಿ ಸಾಲು

ಸೋನುಬಾಯಿಗೆ ಬುದ್ಧಿ ಕಡಿಮೆ ಎಂದು ಯಾರಾದರೂ ನನ್ನೆದುರು ಅಂದರೆ ಜಗಳಕ್ಕೇ ನಿಲ್ಲುತ್ತೇನೆ. ಆದರೂ ಒಳಗೊಳಗೆ ಅವಳ ಮೇಲೆ ನನಗೂ ಸಿಟ್ಟಿದೆ. ದುಬಲಗುಂಡಿಯಲ್ಲಿ ಅವಳ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಒಂದೇ ಬದು. ಹೋದ ವರ್ಷ ಬಿಡದೆ ಹೊಡೆದ ಮಳೆಗೆ ಇಬ್ಬರ ತೊಗರಿಯೂ ನಿಂತಲ್ಲೇ ಕೊಳೆಯಿತು. ನನಗೆ ಸರ್ಕಾರದ ಬೆಳೆ ಪರಿಹಾರ ಬಂತು, ಅವಳಿಗೆ ಬರಲಿಲ್ಲ.

ಕಾರಣ ಪುಂಡಿಪಲ್ಯ, ಅದೇ ಆ ಹುಳಿ ಸೊಪ್ಪು. ನಗಬೇಡಿ.

ಸಣ್ಣವಳಿದ್ದಾಗ ಕೂಲಿಗೆ ಹೋದ ಹೊಲದಲ್ಲಿ ಒಂದು ಹಿಡಿ ಪುಂಡಿ ಕಿತ್ತು ಉಡಿಗೆ ಹಾಕಿಕೊಂಡಿದ್ದಳಂತೆ. ಅಷ್ಟಕ್ಕೇ ಸಾಹುಕಾರ ಎಲ್ಲರೆದುರು ಅವಳ ಉಡಿ ಝಾಡಿಸಿ ಬರಿಗೈಯಲ್ಲಿ ಕಳಿಸಿದ. ಮುಂದೆ ಗಂಡ ದೇವಿದಾಸನ ಜೊತೆ ಮುಂಬೈಯಲ್ಲಿ ವರ್ಷಗಟ್ಟಲೆ ಇಟ್ಟಿಗೆ ಹೊತ್ತು ಈ ತುಂಡು ಹೊಲ ಕೊಂಡಳು. ಅವನು ತೀರಿಕೊಂಡ ಮೇಲೂ ಎದೆಗುಂದದೆ ತಾನೇ ಬಿತ್ತಿ ಬೆಳೆದಳು. ಹೊಲದ ತುಂಬ ತೊಗರಿ. ರಸ್ತೆಯ ಅಂಚಿಗೆ ಮಾತ್ರ ಎರಡು ಸಾಲು ಪುಂಡಿ. ಹೋಗಿಬರುವ ಹೆಂಗಸರು ಯಾರನ್ನೂ ಕೇಳದೆ ಕಿತ್ತುಕೊಳ್ಳಬಹುದು.

"ನನ್ನ ಹೊಲದಿಂದ ಯಾರೂ ಖಾಲಿ ಉಡೀಲೆ ಹೋಗಬಾರದ್ರಿ ಗುರುಲಿಂಗಣ್ಣಾ," ಎಂದು ನನಗೆ ಹೇಳುತ್ತಿದ್ದಳು.

ಆ ಮಳೆಗಾಲದಲ್ಲಿ ಬೆಳೆ ಸಮೀಕ್ಷೆಗೆ ಅವಿನಾಶ ಎಂಬವನು ಫೋನು ಹಿಡಿದು ಬಂದ. ಹೊಲದೊಳಗೆ ಹೋಗಿ ಬೆಳೆಯ ಫೋಟೊ ತೆಗೆಯುವುದು ಅವನ ಕೆಲಸ. ನಮ್ಮದು ಎರೆಮಣ್ಣು, ಕಾಲಿಟ್ಟರೆ ಹೂತು ಹೋಗುವ ಕೆಸರು. ಅವನ ಕಾಲಲ್ಲಿ ಹೊಸ ಬೂಟು. ಸೋನುಬಾಯಿಗೆ ಅಯ್ಯೋ ಅನ್ನಿಸಿತು.

"ಕೆಸರಾಗ ಯಾಕ ಇಳೀತೀ ತಮ್ಮಾ? ಇಲ್ಲೇ ನಿಂದ್ರು, ನಿನಗೂ ಜರಾ ಪಲ್ಯ ಕಿತ್ತು ಕೊಡ್ತೀನಿ."

ಪುಣ್ಯಾತ್ಮ ಪುಂಡಿ ಸಾಲಿನಲ್ಲೇ ನಿಂತ. ಅದರದ್ದೇ ಫೋಟೊ ತೆಗೆದ. ಅವಳು ಕಟ್ಟಿಕೊಟ್ಟ ಪಲ್ಯವನ್ನು ಚೀಲಕ್ಕೆ ತುರುಕಿಕೊಂಡು ಹೋದ. ಸರ್ಕಾರದ ಪಾಲಿಗೆ ಅವಳ ಹೊಲವೆಲ್ಲ ಪುಂಡಿಯಾಯಿತು. ಪುಂಡಿ ಕೊಳೆತರೆ ಯಾರು ಪರಿಹಾರ ಕೊಡುತ್ತಾರೆ?

ಊರಿಗೆಲ್ಲ ದುಡ್ಡು ಬಂದು ತನಗೆ ಬಾರದಿದ್ದಾಗಲೇ ಅವಳಿಗೆ ಇದು ಗೊತ್ತಾದದ್ದು. ನಾನೇ ಹುಮನಾಬಾದಿನ ಕಚೇರಿಗೆ ಕರೆದುಕೊಂಡು ಹೋದೆ.

"ತಕರಾರು ಹಾಕೋ ತಾರೀಖು ಮುಗಿದು ಹೋಗ್ಯಾದ," ಎಂದರು ಅಲ್ಲಿಯವರು.

"ನೀವೇ ಬಂದು ನೋಡ್ರಿ ಸಾಹೇಬ್ರ, ಕೊಳೆತ ತೊಗರಿ ಕಟ್ಟಿಗಿ ಇನ್ನಾ ಹೊಲದಾಗೇ ಅವ."

"ಫೋಟೊದಾಗ ಪುಂಡಿನೇ ಅದ ನೋಡವ್ವಾ, ನಾವೇನು ಮಾಡೋಣು?"

ನನಗೆ ಮೈಯೆಲ್ಲ ಉರಿಯಿತು. ಅವರಿಗೆ ಬೈಯುವ ಧೈರ್ಯವಿಲ್ಲದೆ ಬಸ್ಸಿನಲ್ಲಿ ಅವಳಿಗೇ ಬೈದೆ. "ಊರ ಮಂದಿಗೆಲ್ಲ ಪಲ್ಯ ಹಂಚಾಕ ನಿನಗೇನು ಬಿದ್ದದ?" ಸೋನುಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಬಿತ್ತನೆ ಬೀಜಕ್ಕೆಂದು ಆ ವಾರವೇ ಹಾಲು ಕೊಡುವ ಎಮ್ಮೆ ಮಾರಿದಳು.

ಈ ವರ್ಷ ರಸ್ತೆಯ ಅಂಚಿನವರೆಗೂ ತೊಗರಿಯನ್ನೇ ಬಿತ್ತಿದ್ದಾಳೆ. ಒಳ್ಳೆಯದಾಯಿತು ಎಂದುಕೊಂಡೆ ನಾನು.

ಮೊನ್ನೆ ನಾವಿಬ್ಬರೂ ಬದುವಿನ ಬಳಿ ಇದ್ದಾಗ ಬಳೆ ಮಾರುವ ಮುನ್ನಿ ಬೀ ಬಂದಳು. ಪ್ರತಿ ಮಳೆಗಾಲ ಇಲ್ಲಿಯ ಪುಂಡಿ ಒಯ್ಯುವವಳು. ಬುಟ್ಟಿ ಇಳಿಸಿ, ಸೆರಗು ಉಡಿ ಮಾಡಿಕೊಂಡು, ಸಾಲು ಹುಡುಕಿದಳು.

"ಅಕ್ಕಾ, ಪುಂಡಿ ಎಲ್ಲದ?"

"ಈ ಸಲ ಹಾಕಿಲ್ಲವ್ವಾ."

"ಯಾಕ, ಬೀಜ ಸಿಗಲಿಲ್ಲೇನು?"

ಸೋನುಬಾಯಿ ಬಗ್ಗಿ ಕಾಲಬಳಿಯ ಒಂದು ಕಳೆ ಕಿತ್ತೆಸೆದಳು. "ಇರಲಿ ಬಿಡಕ್ಕಾ, ಮುಂದಿನ ವರ್ಷ ಒಯ್ತೀನಿ," ಎಂದು ಮುನ್ನಿ ಬೀ ನಕ್ಕು, ಸೆರಗು ಝಾಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬುಟ್ಟಿ ಹೊತ್ತು ನಡೆದಳು.

ಅವಳು ಕಣ್ಮರೆಯಾಗುವ ತನಕ ಸೋನುಬಾಯಿ ನಿಂತೇ ಇದ್ದಳು. ಆಮೇಲೆ ಬದುವಿನ ಮೇಲೆ ಕುಸಿದು ಕೂತು ಅತ್ತಳು. ಎಮ್ಮೆ ಮಾರಿದಾಗಲೂ ಅತ್ತವಳಲ್ಲ.

"ಅವತ್ತು ಸಾಹುಕಾರ ನನ್ನ ಉಡಿ ಝಾಡಿಸಿದ ಅಣ್ಣಾ. ಇವತ್ತು ನಾ ಅಕಿ ಉಡಿ ಝಾಡಿಸಿ ಕಳಿಸಿದೆ."