ಗಿಣಿಹಸಿರು ಲಂಗದ ಪಿನ್ನು

ಸಂಜೆ ಐದು ಇಪ್ಪತ್ತು. ಕಳೆದ ಡಿಸೆಂಬರಿನ ಒಂದು ಶನಿವಾರ ತಿ. ನರಸೀಪುರದ ಕಲ್ಯಾಣ ಮಂಟಪವೊಂದರ ವಧುವಿನ ಕೋಣೆಯಲ್ಲಿ ನಿಂತು ನಾನು ಗೋಡೆ ಗಡಿಯಾರ ನೋಡಿದ್ದೆ. ಮಕ್ಕಳ ಹಾಡು ಐದೂವರೆಗೆ. ಇನ್ನೂ ಹೊತ್ತಿದೆ ಎಂದುಕೊಂಡು ಕಣ್ಣು ಕೆಳಗಿಳಿಸಿದರೆ, ನನ್ನ ಮಗಳ ತುಟಿಗಳ ನಡುವೆ ಏನೋ ಮಿಂಚಿತು. ಸೇಫ್ಟಿ ಪಿನ್ನು. ಅದರ ಕೊಂಡಿ ಹಾಕಿರಲಿಲ್ಲ.

ಅಲ್ಲಿಗೆ ಬಂದದ್ದು ಹೇಗೆಂದು ಹೇಳಿಬಿಡುತ್ತೇನೆ. ನಾವಿರುವುದು ನಂಜನಗೂಡಿನಲ್ಲಿ. ನಮ್ಮ ಯಜಮಾನರಿಗೆ ತಾಂಡವಪುರದ ಹತ್ತಿರ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ನಾನು ಬಿ.ಕಾಂ. ಮುಗಿಸಿ ಒಂದು ಮೆಡಿಕಲ್ ಸ್ಟೋರಿನಲ್ಲಿ ಬಿಲ್ಲು ಹಾಕುತ್ತೇನೆ. ಮಗಳು ಇಂಚರ ಮೂರನೇ ಕ್ಲಾಸು. ಅವಳ ಶಾಲೆಯದೇ ಇನ್ನೊಂದು ಬ್ರಾಂಚ್ ನರಸೀಪುರದಲ್ಲಿದೆ. ಎರಡೂ ಕಡೆಯ ಮಕ್ಕಳು ಆ ಮಂಟಪದಲ್ಲಿ ಒಟ್ಟಿಗೆ ಹಾಡುವ ಕಾರ್ಯಕ್ರಮಕ್ಕೆ ಡ್ರೆಸ್ ಕೋಡ್ ಎಂದು ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂತು. ಗಂಡುಮಕ್ಕಳಿಗೆ ಬಿಳಿ ಪಂಚೆ, ಬಿಳಿ ಶರ್ಟು. ಹೆಣ್ಣುಮಕ್ಕಳಿಗೆ ಗಿಣಿಹಸಿರು ಲಂಗ, ಕುಂಕುಮದ ಬಣ್ಣದ ರವಿಕೆ, ದಾವಣಿ. ಬೇರೆ ಬಣ್ಣ ಹಾಕಿಕೊಂಡು ಬಂದವರನ್ನು ಸ್ಟೇಜಿಗೆ ಹತ್ತಿಸುವುದಿಲ್ಲ.

ಗ್ರೂಪಿನಲ್ಲಿ ಗಲಾಟೆಯೋ ಗಲಾಟೆ. "ಗಿಣಿ ಅಂದ್ರೆ ಮರಿ ಗಿಣಿನಾ, ಮುದಿ ಗಿಣಿನಾ ಮಿಸ್?" ಎಂದು ಒಬ್ಬರು ಕೇಳಿದರು. ಮಿಸ್ ಅದೇ ಮೆಸೇಜನ್ನು ಇನ್ನೊಮ್ಮೆ ಹಾಕಿದರು.

ಅದೇ ವಾರ ಮಂಗಳಕ್ಕ ಫೋನ್ ಮಾಡಿದರು. ಮಂಗಳಕ್ಕ ನನ್ನ ವಾರಗಿತ್ತಿ, ಯಜಮಾನರ ಅಣ್ಣನ ಹೆಂಡತಿ. ನರಸೀಪುರದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಅಲ್ಲಿಯ ಬ್ರಾಂಚಿನ ಅರ್ಧ ಮಕ್ಕಳ ಲಂಗ ಅವರೇ ಹೊಲಿಯುತ್ತಿದ್ದರು.

"ಪವಿತ್ರಾ, ನಮ್ ಮಗೀಗೂ ನಾನೇ ಒಲ್ಕೊಡ್ತೀನಿ ಕಣವ್ವ. ಅಳತೆ ಕಳ್ಸು."

"ಬೇಡಕ್ಕ, ಆಗ್ಲೇ ಆನ್‌ಲೈನಲ್ಲಿ ಆರ್ಡರ್ ಹಾಕ್ಬಿಟ್ಟೆ" ಎಂದೆ. ಆರ್ಡರ್ ಹಾಕಿದ್ದು ಫೋನ್ ಇಟ್ಟ ಮೇಲೆ.

ಮಂಗಳಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಕೆಟ್ಟವರಾಗಿದ್ದರೆ ಸುಲಭವಾಗಿತ್ತು. ಅವರು ಒಳ್ಳೆಯವರು. ನನ್ನ ಮಗಳಿಗೆ ಅವರೆಂದರೆ ಪ್ರಾಣ. ರಜೆಗೆ ನರಸೀಪುರಕ್ಕೆ ಹೋದರೆ ಹೊಲಿಗೆ ಯಂತ್ರದ ಪಕ್ಕದಲ್ಲೇ ಅವಳ ವಾಸ. ವಾಪಸು ಬಂದ ಮೇಲೆ ಕುತ್ತಿಗೆಗೆ ಟೇಪು ಹಾಕಿಕೊಂಡು, ಗೊಂಬೆಗೆ ಬಟ್ಟೆ ಸುತ್ತುತ್ತಾ, "ಒಸಿ ತಿರುಕ್ಕೊಳವ್ವ" ಎಂದು ಅವರ ಧಾಟಿಯಲ್ಲೇ ಹೇಳುತ್ತಾಳೆ. ನಾನು ದಿನವಿಡೀ ಕಂಪ್ಯೂಟರ್ ಮುಂದೆ ಕೂರುವುದನ್ನು ಅವಳು ಒಂದು ದಿನವೂ ಆಡಿ ತೋರಿಸಿದ್ದಿಲ್ಲ.

ಮುಂದಿನ ವರ್ಷಕ್ಕೂ ಆಗಲಿ ಎಂದು ನಾನು ಒಂದು ಸೈಜು ದೊಡ್ಡದನ್ನೇ ತರಿಸಿದ್ದೆ. ನಮ್ಮಲ್ಲಿ ಎಲ್ಲರೂ ಹಾಗೆಯೇ ತಾನೆ. ಆದರೆ ಆ ಲಂಗದ ಸೊಂಟದಲ್ಲಿ ಇಬ್ಬರು ಇಂಚರ ಹಿಡಿಸುತ್ತಿದ್ದರು.

ಶನಿವಾರ ವಧುವಿನ ಕೋಣೆ ತುಂಬ ಮಕ್ಕಳು, ಅಮ್ಮಂದಿರು, ಮಲ್ಲಿಗೆ, ಪೌಡರು. ಮಂಗಳಕ್ಕ ತಾವು ಹೊಲಿದ ಲಂಗಗಳನ್ನೆಲ್ಲ ಸರಿಮಾಡಿ ನಮ್ಮ ಹತ್ತಿರ ಬಂದರು.

"ಇದೇನವ್ವ, ಮಗ ಲಂಗದೊಳ್ಗೇ ಕಳ್ದೋಗವಳೆ!"

ಸುತ್ತಲಿದ್ದವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಇಂಚರ.

"ಗಾಬ್ರಿ ಬೇಡ, ನಾಕು ಪಿನ್ನಾಕುದ್ರೆ ನೆಟ್ಗಾಯ್ತದೆ" ಎಂದು ಮಂಗಳಕ್ಕ ಮಂಡಿಯೂರಿ ಕುಳಿತರು. ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಒಂದೊಂದೇ ತೆಗೆದು, ಸೊಂಟದ ಬಟ್ಟೆ ಮಡಿಸಿ ಚುಚ್ಚುತ್ತಾ ಹೋದರು. ದಾವಣಿಯನ್ನಾದರೂ ನಾನು ಹಾಕೋಣವೆಂದು ಕೈ ಚಾಚಿದೆ.

"ಬೇಡಮ್ಮ, ದೊಡ್ಡಮ್ಮನೇ ಹಾಕ್ಲಿ. ನೀನು ಚುಚ್ಬಿಡ್ತೀಯ" ಎಂದಳು ಮಗಳು.

ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಲೆಯೆತ್ತಿ ಗಡಿಯಾರ ನೋಡಿದೆ. ಅಷ್ಟರಲ್ಲಿ ಅವಳು ದಾವಣಿಗೆಂದು ಮೇಜಿನ ಮೇಲಿಟ್ಟಿದ್ದ ಪಿನ್ನನ್ನು ತೆಗೆದುಕೊಂಡು, ಥೇಟ್ ದೊಡ್ಡಮ್ಮನ ಹಾಗೆ ತುಟಿಯಲ್ಲಿ ಕಚ್ಚಿಕೊಂಡು ನಿಂತಿದ್ದಳು. ಸೊಂಟದ ಹತ್ತಿರ ತಲೆ ಬಗ್ಗಿಸಿದ್ದ ಮಂಗಳಕ್ಕನಿಗೆ ಅದು ಕಾಣುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿನಲ್ಲಿ ಸಂಗೀತದ ಮಿಸ್ ಚಪ್ಪಾಳೆ ತಟ್ಟಿದರು. "ಮಕ್ಳೇ, ಲೈನ್!"

"ಬಂದೇ ಮಿಸ್" ಎನ್ನಲು ಇಂಚರ ಉಸಿರೆಳೆದಳು. ತುಟಿ ಖಾಲಿಯಾಯಿತು.

ಆ ಖಾಲಿ ತುಟಿ ಈಗಲೂ ನನ್ನ ಕಣ್ಣ ಮುಂದಿದೆ. ಬಟ್ಟಲು ತೊಳೆಯುವಾಗ, ಬಿಲ್ಲು ಹಾಕುವಾಗ, ಸುಮ್ಮನೆ ನಿಂತಾಗ ಬರುತ್ತದೆ. ಮೊದಲು ಮಿಂಚು, ಆಮೇಲೆ ಖಾಲಿ ತುಟಿ.

ಅವಳು ಕೆಮ್ಮಿದಳು. ಕಣ್ಣು ಅಗಲವಾಯಿತು. ಎರಡೂ ಕೈ ಗಂಟಲಿಗೆ ಹೋದವು. ಬಾಯಿಂದ ಜೊಲ್ಲು ಸುರಿಯತೊಡಗಿತು. "ಚುಚ್ತಾ ಇದೆ" ಎಂದಳು, ಕೇಳಿಸಿಯೂ ಕೇಳಿಸದ ಹಾಗೆ. ನಾನು ತಬ್ಬಿಕೊಳ್ಳಲು ಬಾಗಿದೆ. ಅವಳು ನನ್ನ ತೋಳಿನಡಿಯಿಂದ ನುಸುಳಿ ಮಂಗಳಕ್ಕನ ಕುತ್ತಿಗೆಗೆ ಜೋತುಬಿದ್ದಳು. ಮಗು ಸಾಯಬಹುದು ಎನ್ನುವ ಭಯದ ಜೊತೆಗೇ, ಅವಳು ಓಡಿದ್ದು ನನ್ನ ಕಡೆಗಲ್ಲ ಎಂಬುದೂ ನನಗೆ ಅದೇ ಕ್ಷಣದಲ್ಲಿ ತಿಳಿಯಿತು. ಎರಡೂ ಒಂದೇ ಜಾಗದಲ್ಲಿ ಉರಿದವು.

ಕೋಣೆಯಲ್ಲಿ ತಲೆಗೊಂದು ಮಾತು. "ಬೆನ್ನಿಗೆ ಗುದ್ದಿ!" "ಅನ್ನದುಂಡೆ ನುಂಗ್ಸಿ!" "ಬಾಳೆಹಣ್ಣು ಕೊಡಿ, ಅದ್ರ ಜೊತೇಲೇ ಕೆಳೀಕ್ ವೊಯ್ತದೆ!" ಯಾರೋ ಅತಿಥಿಗಳಿಗೆಂದು ಇಟ್ಟಿದ್ದ ತಟ್ಟೆಯಿಂದ ಬಾಳೆಹಣ್ಣು ತಂದೇಬಿಟ್ಟರು. ಮಂಗಳಕ್ಕ ಸಿಪ್ಪೆ ಸುಲಿಯುತ್ತಿದ್ದರು. ಮೀನಿನ ಮುಳ್ಳು ಸಿಕ್ಕಿಸಿಕೊಂಡು ನಮ್ಮ ಮೆಡಿಕಲ್ ಸ್ಟೋರಿಗೆ ಬಂದವರಿಗೆ ಮಾಲೀಕರು, ಮೇಲಿಂದ ಏನೂ ತಿನ್ನಬೇಡಿ, ಮೊದಲು ಆಸ್ಪತ್ರೆಗೆ ಹೋಗಿ ಎಂದು ಬೈದು ಕಳಿಸುವುದನ್ನು ನೋಡಿದ್ದೆ. ಹಣ್ಣನ್ನು ಕಿತ್ತು ಎಸೆದೆ.

"ಏನೂ ಕೊಡಬೇಡಿ! ನೀರೂ ಬೇಡ!"

"ಇಲ್ಲ ಕಣವ್ವ, ನೀನೇಳ್ದಂಗೆ" ಎಂದು ಮಂಗಳಕ್ಕ ಮಗುವನ್ನೆತ್ತಿಕೊಂಡು ಹೊರಟರು.

ಬೇರೊಂದು ಮಗುವಿನ ತಂದೆ ತಮ್ಮ ಕಾರಿನಲ್ಲಿ ಊರಿನ ಆಸ್ಪತ್ರೆಗೆ ಬಿಟ್ಟರು. ಎಕ್ಸ್‌ರೇಯಲ್ಲಿ ಪಿನ್ನು ಸ್ಪಷ್ಟವಾಗಿ ಕಾಣುತ್ತಿತ್ತು. ಅನ್ನನಾಳದಲ್ಲಿ, ಚೂಪು ತುದಿ ಮೇಲಕ್ಕೆ ಮಾಡಿ, ಬಾಯಿ ತೆರೆದುಕೊಂಡು ಕುಳಿತಿತ್ತು. "ಉಸಿರಿನ ದಾರೀಲಿಲ್ಲ, ಅದೊಂದು ಪುಣ್ಯ. ಏನೂ ತಿನ್ನಿಸದೇ ಇದ್ದದ್ದೂ ಒಳ್ಳೇದಾಯ್ತು" ಎಂದರು ಡಾಕ್ಟರು. "ಇಲ್ಲಿ ತೆಗೆಯೋಕಾಗಲ್ಲ. ಮೈಸೂರಿಗೆ ಹೊರಡಿ. ಅಲುಗಾಡಿದ್ರೆ, ಅತ್ರೆ ಇನ್ನಷ್ಟು ಚುಚ್ಚಿಕೊಳ್ಳುತ್ತೆ. ಮಗು ಸಮಾಧಾನವಾಗಿರಬೇಕು."

ಆಂಬುಲೆನ್ಸಿನ ಹುಡುಗಿ ಹಿಂದಿನ ಬಾಗಿಲು ಹಿಡಿದುಕೊಂಡು ಕೇಳಿದಳು. "ಮಗು ಜೊತೆ ಒಬ್ರು ಹತ್ತಿ. ತಾಯಿ ಯಾರು?"

"ನಾನು" ಎಂದೆ.

ಇಂಚರ ಮಂಗಳಕ್ಕನ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಮಂಗಳಕ್ಕ ಬೆರಳು ಬಿಡಿಸಲು ನೋಡಿದರು. "ಅಮ್ಮ ಬತ್ತಾಳೆ ಮಗಾ, ಬುಡು, ಜಾಣೆ." ಅವಳ ಎದೆ ಏರಿಳಿಯತೊಡಗಿತು, ಅಳು ಉಕ್ಕುತ್ತಿತ್ತು. ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇತ್ತು.

"ಬಿಡಿಸಬೇಡಿ ಅಕ್ಕ. ನೀವೇ ಹತ್ತಿ" ಎಂದು ಹೇಳಿ ನಾನು ಮುಂದೆ, ಡ್ರೈವರ್ ಪಕ್ಕದಲ್ಲಿ ಕುಳಿತೆ. ನನ್ನ ಬದುಕಿನಲ್ಲಿ ಅದಕ್ಕಿಂತ ಕಷ್ಟದ ಮಾತನ್ನು ನಾನು ಆಡಿಲ್ಲ.

ಮೈಸೂರಿನವರೆಗೂ ನನಗೆ ಸಿಕ್ಕಿದ್ದು ಬೆನ್ನ ಹಿಂದಿನ ಸಣ್ಣ ಕಿಟಕಿ ಮಾತ್ರ. ಅದರಾಚೆಯಿಂದ ಮಂಗಳಕ್ಕನ ದನಿ ಬರುತ್ತಲೇ ಇತ್ತು. "ಉಗಿ ಮಗಾ. ನುಂಗ್ಬೇಡ, ಉಗಿ. ನನ್ ಸೆರಗ್ಗೇ ಉಗಿ, ಪರ್ವಾಗಿಲ್ಲ." ಹಬ್ಬಕ್ಕೆ ಉಡುವ ರೇಷ್ಮೆ ಸೀರೆ ಅದು. ತಿರುಗಿ ನೋಡಿದಾಗ ಸೆರಗಿನ ಒದ್ದೆಯಲ್ಲಿ ಕೆಂಪಿತ್ತು. ಅದು ರವಿಕೆಯ ಬಣ್ಣ ಬಿಟ್ಟಿದ್ದು ಎಂದು ನನಗೆ ನಾನೇ ಹೇಳಿಕೊಂಡೆ.

ಮೈಸೂರಿನಲ್ಲಿ ಮತ್ತು ಬರಿಸಿ, ಬಾಯಿಂದ ಟ್ಯೂಬು ಇಳಿಸಿ ಪಿನ್ನು ತೆಗೆದರು. ನಮ್ಮ ಯಜಮಾನರು ಕಾರ್ಖಾನೆಯ ಸಮವಸ್ತ್ರದಲ್ಲೇ ಓಡಿ ಬಂದರು. ಡಾಕ್ಟರು ಹೊರಗೆ ಬಂದು, "ಸಣ್ಣ ಗಾಯ ಅಷ್ಟೆ, ತೂತಾಗಿಲ್ಲ, ಮಾಯುತ್ತೆ" ಎಂದಾಗ ಮಂಗಳಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟರು. ನಾನು ನಿಂತೇ ಇದ್ದೆ. ನನಗೆ ಅಳು ಬರಲಿಲ್ಲ.

ಮಗು ಮನೆಗೆ ಬಂತು. ನಿದ್ದೆ ಬರಲಿಲ್ಲ. ಇಂಚರ ಗಂಟಲಲ್ಲಿ ಪಿನ್ನಿದೆ ಎಂದು ಅಳುತ್ತಾ ಏಳುವಳು. ಗಂಜಿ ಬಿಟ್ಟು ಇನ್ನೇನನ್ನೂ ನುಂಗಳು. "ದೊಡ್ಡಮ್ಮ ಬೇಕು" ಎಂದಳು. ಮಂಗಳಕ್ಕ ಅಂಗಡಿ ಮುಚ್ಚಿ, ಒಂದು ಬ್ಯಾಗು ಹಿಡಿದು ನಂಜನಗೂಡಿಗೆ ಬಂದರು. ಹಾಲಿನಲ್ಲಿ ಚಾಪೆ ಹಾಕಿ ಮಗಳನ್ನು ಪಕ್ಕದಲ್ಲೇ ಮಲಗಿಸಿಕೊಂಡರು. ಅವಳು ನರಳಿದಾಗೆಲ್ಲ ನಾನು ಎದ್ದು ಹೋಗುವಷ್ಟರಲ್ಲಿ ಅವರ ಕೈ ಅವಳ ಬೆನ್ನ ಮೇಲಿರುತ್ತಿತ್ತು. ನಾನು ಬಾಗಿಲಿನಿಂದಲೇ ಹಿಂದಿರುಗುತ್ತಿದ್ದೆ.

ಒಂದು ದಿನ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಮಂಗಳಕ್ಕ ತಲೆಯೆತ್ತದೆ ಹೇಳಿದರು. "ನನ್ನ ನೋಡ್ಕೊಂಡೇ ಕಲ್ತಿದ್ದು ಅದು. ನೀನ್ಯಾಕೆ ನನ್ನ ಒಂದ್ ಮಾತೂ ಅನ್ನಲ್ಲ? ಬಯ್ದುಬುಡು ಪವಿತ್ರಾ."

ಆ ಬೈಗುಳ ನನ್ನ ನಾಲಿಗೆಯ ಮೇಲೆ ಎಷ್ಟೋ ದಿನದಿಂದ ಸಿದ್ಧವಾಗಿತ್ತು. ಆದರೆ ಸೀರೆ ಉಡುವಾಗ ನಾನೂ ಪಿನ್ನು ಕಚ್ಚಿಕೊಳ್ಳುತ್ತೇನೆ. ಅವತ್ತು ಆ ಕೋಣೆಯಲ್ಲಿದ್ದ ಹೆಂಗಸರೆಲ್ಲರ ಬಾಯಲ್ಲೂ ಪಿನ್ನಿತ್ತು.

"ನಾನೂ ಹಾಗೇ ಕಚ್ಕೊಳ್ತೀನಲ್ಲಕ್ಕ" ಎಂದೆ.

ಒಂದು ಮಾತನ್ನು ಮಾತ್ರ ಹೇಳಲಿಲ್ಲ. ದಿನಾ ಕಣ್ಣೆದುರೇ ಇದ್ದ ನನ್ನನ್ನು ನೋಡಿ ಅವಳು ಕಲಿಯಲಿಲ್ಲ. ಅಷ್ಟು ಅಪಾಯದ್ದನ್ನೂ ಕಲಿತದ್ದು ಅವರಿಂದಲೇ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಗಿತ್ತು.

ಸಂಕ್ರಾಂತಿಯ ಹಿಂದಿನ ದಿನ, ಊಟವಾದ ಮೇಲೆ, ಇಂಚರ ತನ್ನ ದಿಂಬು ಎಳೆದುಕೊಂಡು ನಮ್ಮ ಕೋಣೆಗೆ ಬಂದಳು.

"ಅಮ್ಮ, ಸರ್ಕೋ."

"ಯಾಕೆ? ದೊಡ್ಡಮ್ಮ?"

"ದೊಡ್ಡಮ್ಮ ಸುಮ್ಸುಮ್ನೆ ನನ್ ಗಂಟ್ಲು ಮುಟ್ಟಿ ನೋಡ್ತಾನೇ ಇರ್ತಾರೆ. ನಿದ್ದೇನೇ ಬರಲ್ಲ. ನೀನು ಮುಟ್ಬೇಡ, ಆಯ್ತಾ?"

"ಮುಟ್ಟಲ್ಲ."

ಹಾಲಿನಿಂದ ಮಂಗಳಕ್ಕ ಕೂಗಿದರು. "ಓಗ್ಲಿ ಬುಡವ್ವ, ನಾನೂ ಒಸಿ ಕಣ್ ಮುಚ್ತೀನಿ ಇವತ್ತು."

ಅವಳ ಗಂಟಲು ಮುಟ್ಟಬೇಕೆಂದು ನನ್ನ ಕೈ ತುಡಿಯಿತು. ಎರಡೂ ಕೈಗಳನ್ನು ದಿಂಬಿನಡಿ ಇಟ್ಟುಕೊಂಡೆ. ಅವಳ ಉಸಿರು ನಿಧಾನವಾಗುವುದನ್ನು ಕೇಳುತ್ತಿದ್ದೆ. ಆಮೇಲೆ ಏನನ್ನೂ ಕೇಳಲಿಲ್ಲ.

ಎಚ್ಚರವಾದಾಗ ಕೋಣೆಯೊಳಗೆ ಬಿಸಿಲು ಬಂದಿತ್ತು. ಪಕ್ಕದಲ್ಲಿ ಮಗಳಿರಲಿಲ್ಲ. ಹಾಲಿಗೆ ಹೋದರೆ, ಅವಳು ಮಂಗಳಕ್ಕನ ತೊಡೆಯ ಮೇಲೆ ಕುಳಿತು ಅವರ ಅಂಗೈಯಿಂದ ಎಳ್ಳು ಬೆಲ್ಲ ಹೆಕ್ಕಿ ತಿನ್ನುತ್ತಿದ್ದಳು. ಕಡಲೆಕಾಯಿ ಬೀಜವನ್ನು ಕಟಕಟ ಅಗಿದು ನುಂಗಿದಳು, ಇನ್ನೊಂದಕ್ಕೆ ಕೈ ಹಾಕಿದಳು. ನಾನು ಇಷ್ಟು ದಿನ ಗೋಗರೆದರೂ ತಿನ್ನದವಳು.

ನನ್ನ ಹೊಟ್ಟೆ ಉರಿಯಿತು. ರಾತ್ರಿಯೆಲ್ಲ ಚೆನ್ನಾಗಿ ನಿದ್ದೆ ಮಾಡಿ ಎದ್ದವಳಿಗೆ ಬರುವ ಮಾಮೂಲಿ ಹೊಟ್ಟೆಯುರಿ ಅದು. ನಾನೂ ಹೋಗಿ ಮಂಗಳಕ್ಕನ ಪಕ್ಕದಲ್ಲಿ ಕುಳಿತೆ.

"ನನಗೂ ಒಸಿ ಕೊಡಿ ಅಕ್ಕ" ಎಂದು ಅಂಗೈ ಚಾಚಿದೆ.